ಹಡಗಿನ ಕ್ಯಾಸಿನೊದಿಂದ ನಮ್ಮ ಮನೆಯವರಿಗೆ ‘ಉಚಿತ ಕೋಣೆ’ ಬಂದಿದೆ, ಏನು ಮಾಡಲಿ?

ಖಣದಂಗಡಿ, ಬಾಗಲಕೋಟೆ

ಎಲ್ಲರಿಗೂ ನಮಸ್ಕಾರ. ನಾನು ನವನಗರದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡವನು. ಹಳೆಯ ಊರಿನ ಅಂಗಡಿ ಆಲಮಟ್ಟಿ ಹಿನ್ನೀರಿಗೆ ಹೋದ ಮೇಲೆ ಇಲ್ಲಿಗೆ ಬಂದೆವು. ಇಳಕಲ್ ಸೀರೆ, ಗುಳೇದಗುಡ್ಡದ ಖಣ, ಉದ್ರಿ ಪುಸ್ತಕ: ನನಗೆ ಗೊತ್ತಿರುವುದು ಇಷ್ಟೇ. ಅಂಥವನು ಹಡಗಿನ ಜೂಜಿನ ಬಗ್ಗೆ ಕೇಳುತ್ತಿದ್ದಾನೆಂದು ನಗಬೇಡಿ.

ಮಗಳು ಹ್ಯೂಸ್ಟನ್‌ನಲ್ಲಿದ್ದಾಳೆ. ಕಳೆದ ಫೆಬ್ರುವರಿಯಲ್ಲಿ ಅಳಿಯಂದಿರು ನಮ್ಮಿಬ್ಬರನ್ನೂ ಗ್ಯಾಲ್ವೆಸ್ಟನ್ ಬಂದರಿನಿಂದ ಮೆಕ್ಸಿಕೊದ ಕೊಸುಮೆಲ್ ದ್ವೀಪಕ್ಕೆ ಹೋಗಿಬರುವ 5 ರಾತ್ರಿಯ ಹಡಗಿನಲ್ಲಿ ಕರೆದೊಯ್ದರು. ಕಂಪನಿಯ ಹೆಸರು ಬೇಡ. ಎರಡನೆಯ ರಾತ್ರಿ ಊಟವಾದ ಮೇಲೆ ನಮ್ಮ ಮನೆಯವರು ಕಾಣಿಸಲಿಲ್ಲ. ಹುಡುಕುತ್ತ ಹೋದರೆ ಕ್ಯಾಸಿನೊದಲ್ಲಿ ಸ್ಲಾಟ್ ಎಂಬ ಒಂದು ಜೂಜಿನ ಯಂತ್ರದ ಮುಂದೆ ಕುಳಿತಿದ್ದಾರೆ. ಕೋಣೆಯ ಕಾರ್ಡನ್ನು ಸುರುಳಿ ದಾರದಲ್ಲಿ ಸೆರಗಿಗೆ ಸಿಕ್ಕಿಸಿಕೊಂಡು, ಅದರ ಇನ್ನೊಂದು ತುದಿ ಯಂತ್ರದ ಬಾಯಲ್ಲಿ. ಹಸುವನ್ನು ಗೂಟಕ್ಕೆ ಕಟ್ಟಿದಂತೆ! ದೀಪಾವಳಿಯಲ್ಲೂ ಇಸ್ಪೀಟ್ ಎಲೆ ಮುಟ್ಟದವರು ಮೂರು ರಾತ್ರಿ ಅಲ್ಲಿಯೇ ಇದ್ದರು. ಕೈಯಿಂದ ಹಾಕಿದ್ದು 300 ಡಾಲರ್, ಕೊನೆಗೆ ಉಳಿದದ್ದು 60. ಅಂದರೆ 240 ಡಾಲರ್ ಲುಕ್ಸಾನು. ಅದನ್ನು ಅಳಿಯಂದಿರ ಎದುರು ಈವರೆಗೆ ಆಡಿಲ್ಲ.

ಈಗ ವಿಷಯ. ನವೆಂಬರ್‌ನಲ್ಲಿ ಮಗಳ ಹೆರಿಗೆ. ಬಾಣಂತನಕ್ಕೆ ನಾವು ಹೇಗೂ ಹೊರಟಿದ್ದೇವೆ. ಅಷ್ಟರಲ್ಲಿ ಮನೆಯವರ ಹೆಸರಿಗೆ ಕ್ಯಾಸಿನೊದಿಂದ ಮಿಂಚಂಚೆ ಬಂದಿದೆ: ಇಬ್ಬರಿಗೆ ಕಿಟಕಿ ಇಲ್ಲದ ಒಳಕೋಣೆ ಉಚಿತ, ಜೊತೆಗೆ 50 ಡಾಲರ್ ‘ಫ್ರೀ ಪ್ಲೇ’. ಡಿಸೆಂಬರ್ ಒಳಗೆ ಕಾದಿರಿಸಬೇಕು, ಏಪ್ರಿಲ್ 30ರೊಳಗೆ ಪ್ರಯಾಣ ಮಾಡಬೇಕು. ಕೆಳಗೆ ‘ನಿಮ್ಮ ಪಾಯಿಂಟ್ 560’ ಎಂದಿದೆ. ನಿಯಮ ಓದಿದೆ: ಸ್ಲಾಟ್‌ನಲ್ಲಿ 5 ಡಾಲರ್ ಆಡಿದರೆ 1 ಪಾಯಿಂಟ್. ಅಂದರೆ 2,800 ಡಾಲರ್! ನಾವು ಹಾಕಿದ್ದೇ 300. ಯಾರ ಲೆಕ್ಕ ನಮ್ಮ ಖಾತೆಗೆ ಬಿದ್ದಿದೆ?

ಖಾಯಂ ಗಿರಾಕಿಗೆ ನಾನೂ ದೀಪಾವಳಿಗೆ ಒಂದು ಖಣ ಪುಕ್ಕಟೆ ಕೊಡುತ್ತೇನೆ. ಆ ಖಣದ ಬೆಲೆ ಯಾವ ಸೀರೆಯಲ್ಲಿ ಕುಳಿತಿದೆ ಎಂಬುದು ನನಗೆ ಗೊತ್ತು, ಗಿರಾಕಿಗೂ ಅರ್ಧ ಗೊತ್ತು. ಇಲ್ಲಿ ಮಾತ್ರ ನಾನು ಕೌಂಟರಿನ ಆಚೆ ಬದಿಗೆ ನಿಂತಿದ್ದೇನೆ. ಇಂಥ ಕೊಡುಗೆ ಹೇಗೆ ಹುಟ್ಟುತ್ತದೆ? ಮಗಳು ಅಳಿಯ ಈ ಕೋಣೆಯನ್ನು ಬಳಸಬಹುದೇ? ಇನ್ನಷ್ಟು ಆಡಿದರೆ ಇನ್ನೂ ಒಳ್ಳೆಯ ಕೊಡುಗೆ ಬರುತ್ತದೆಂದು ಮನೆಯವರ ವಾದ. ತಿಳಿದವರು ಹೇಳಿ.

ಚೋರ್ಲಾ ಘಾಟ್

ಕಾಕಾ, ಕಾಕೂ ಅವರಿಗೆ ನನ್ನ ನಮಸ್ಕಾರ ತಿಳಿಸಿ, ಅವರ ವಾದವೇ ಸರಿ. ನಾನು ಬೆಳಗಾವಿಯವನು, ತಿಂಗಳಿಗೊಮ್ಮೆ ಘಾಟ್ ಇಳಿದು ಪಣಜಿಯ ಮಾಂಡೋವಿ ನದಿಯ ಕ್ಯಾಸಿನೊಗಳಿಗೆ ಹೋಗುತ್ತೇನೆ. ಸಮುದ್ರದ ಹಡಗಿನಲ್ಲೂ ಒಮ್ಮೆ ಆಡಿದ್ದೇನೆ.

ಮೇಲಿನ ಮೆಟ್ಟಿಲು ಹತ್ತುವುದೇ ಮುಖ್ಯ. ರಾಯಲ್ ಕೆರಿಬಿಯನ್ ಹಡಗು ಕಂಪನಿಯ ಕ್ಯಾಸಿನೊ ಪಾಯಿಂಟ್ ಯೋಜನೆ ಕ್ಲಬ್ ರಾಯಲ್ ಅನ್ನೇ ತೆಗೆದುಕೊಳ್ಳಿ: ಮೊದಲು ಚಾಯ್ಸ್, 2,500 ಪಾಯಿಂಟ್‌ಗೆ ಪ್ರೈಮ್, 25,000ಕ್ಕೆ ಸಿಗ್ನೇಚರ್, 1,00,000ಕ್ಕೆ ಮಾಸ್ಟರ್ಸ್. ಪ್ರೈಮ್ ಆದರೆ ವರ್ಷಕ್ಕೊಂದು ಒಳಕೋಣೆಯ ಪ್ರವಾಸ, ಕ್ಯಾಸಿನೊದಲ್ಲಿ ಕುಡಿಯಲು ಉಚಿತ. ಇನ್ನೊಂದು ಗುಟ್ಟು: ಅವರ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31ರವರೆಗೆ, ನಮ್ಮ ಆಯವ್ಯಯದಂತೆ. ಗಳಿಸಿದ ಮೆಟ್ಟಿಲು ಆ ವರ್ಷದ ಉಳಿದ ದಿನಗಳಿಗೂ ಮುಂದಿನ ಇಡೀ ವರ್ಷಕ್ಕೂ ನಡೆಯುತ್ತದೆ. ಏಪ್ರಿಲ್ ಮೊದಲ ವಾರ ಹತ್ತಿದವನಿಗೆ ಸುಮಾರು ಎರಡು ವರ್ಷ, ಮಾರ್ಚ್ ಕೊನೆಯಲ್ಲಿ ಹತ್ತಿದವನಿಗೆ ಒಂದೇ. 560 ಆಗಿದೆಯಲ್ಲ, ಇನ್ನು 1,940 ಅಷ್ಟೇ!

ಮಾಜಿ ಕ್ಯಾಷಿಯರ್, ಟಿಳಕವಾಡಿ

ಸಾಹುಕಾರರೇ, ಆರು ವರ್ಷ ನಾನು ಇಂಥ ಹಡಗುಗಳ ಕ್ಯಾಸಿನೊದಲ್ಲಿ ಜಾಲರಿ ಕಿಟಕಿಯ ಹಿಂದೆ ಕುಳಿತು ದುಡ್ಡು ಎಣಿಸಿದ್ದೇನೆ. ಈಗ ಬೆಳಗಾವಿಯಲ್ಲಿ ಸ್ಟೇಷನರಿ ಅಂಗಡಿ. ನಿಮ್ಮ 2,800 ಡಾಲರ್ ನಿಮ್ಮದೇ, ಯಾರ ಲೆಕ್ಕವೂ ಬಿದ್ದಿಲ್ಲ.

ನಿಮ್ಮ ಗಲ್ಲಾ ಪೆಟ್ಟಿಗೆಯನ್ನೇ ನೆನೆಯಿರಿ. ಬೆಳಿಗ್ಗೆ ಚಿಲ್ಲರೆಗೆಂದು ಇಟ್ಟ ಒಂದೇ 500ರ ನೋಟು ಸಂಜೆಯೊಳಗೆ ಹತ್ತು ಸಲ ಒಳಗೆ ಹೊರಗೆ ಆಡಿರುತ್ತದೆ. ವ್ಯಾಪಾರ 5,000 ಎಂದು ಬರೆದುಕೊಳ್ಳಬಹುದು, ನೋಟು ಒಂದೇ. ಅಕ್ಕಾವರು ಗುಂಡಿ ಒತ್ತಿದಾಗಲೆಲ್ಲ ಪಣ ಲೆಕ್ಕಕ್ಕೆ ಬೀಳುತ್ತದೆ, ನಡುನಡುವೆ ಗೆದ್ದದ್ದು ಮತ್ತೆ ಪಣವಾಗುತ್ತದೆ. ಹೀಗೆ ತಿರುಗಿದ ಒಟ್ಟು ಮೊತ್ತಕ್ಕೆ ಅಲ್ಲಿ ‘ಕಾಯಿನ್ ಇನ್’ ಎನ್ನುತ್ತಾರೆ. ಪಾಯಿಂಟ್ ಬರುವುದು ಅದರ ಮೇಲೆ, ಸೋಲಿನ ಮೇಲಲ್ಲ. 2,800ರಲ್ಲಿ 240 ಹೋಯಿತು, ಅಂದರೆ ನೂರಕ್ಕೆ ಎಂಟೂವರೆ. ಒಂದು ಪ್ರವಾಸದ ಲೆಕ್ಕ ಯಂತ್ರದ ಲೆಕ್ಕವಲ್ಲ, ಆದರೂ ಕೈಯಲ್ಲಿರುವುದು ಅದೇ.

ಈಗ ಚೋರ್ಲಾ ಘಾಟ್ ತಮ್ಮನ ಮಾತು. ವರ್ಷ ಮಾರ್ಚ್ 31ಕ್ಕೆ ಮುಗಿಯುತ್ತದೆಂದು ಹೇಳಿದವನೇ ಅದನ್ನು ಮರೆತ! ನಿಮ್ಮ ಪ್ರವಾಸ ಫೆಬ್ರುವರಿಯದು. ನಿಮ್ಮ ಕಂಪನಿಯ ವರ್ಷವೂ ಹಾಗೆಯೇ ಇದ್ದರೆ ಆ 560 ಆಗಲೇ ಸೊನ್ನೆ. ಪತ್ರದಲ್ಲಿರುವುದು ಹಳೆಯ ಆಟದ ದಾಖಲೆ ಮಾತ್ರ. ಪ್ರೈಮ್‌ಗೆ ಪೂರ್ತಿ 2,500 ಬೇಕು, ಎಂದರೆ 12,500 ಡಾಲರ್ ತಿರುಗಿಸಬೇಕು. ನಿಮ್ಮ ಎಂಟೂವರೆಯ ದರದಲ್ಲೇ ಸಾವಿರ ಡಾಲರ್‌ಗೂ ಮೇಲೆ ಹೋಗುತ್ತದೆ. ಅಷ್ಟು ಕೊಟ್ಟರೆ ಒಳಕೋಣೆಯನ್ನು ನೇರವಾಗಿ ಕೊಳ್ಳಬಹುದು, ಕಣ್ಣು ಉರಿಯುವವರೆಗೆ ಕೂರುವುದೂ ತಪ್ಪುತ್ತದೆ.

ಕೊಡುಗೆ ಹೇಗೆ ಹುಟ್ಟುತ್ತದೆ ಎಂದು ಕೇಳಿದಿರಿ. ಗಿರಾಕಿ ನಿಜವಾಗಿ ಎಷ್ಟು ಸೋತ ಎಂಬುದಕ್ಕಿಂತ ಎಷ್ಟು ಸೋಲಬೇಕಿತ್ತು ಎಂಬ ಲೆಕ್ಕವನ್ನು ಕಂಪ್ಯೂಟರ್ ಇಟ್ಟುಕೊಳ್ಳುತ್ತದೆ. ಮೇಜಿನ ಆಟವಾದರೆ ಸರಾಸರಿ ಪಣ, ಗಂಟೆಗೆ ಎಷ್ಟು ಸುತ್ತು, ಎಷ್ಟು ಗಂಟೆ, ಕ್ಯಾಸಿನೊದ ಪಾಲು ಎಷ್ಟು, ನಾಲ್ಕನ್ನೂ ಗುಣಿಸುತ್ತಾರೆ. ಎರಡು ಸೊನ್ನೆಯ ರೂಲೆಟ್ ಚಕ್ರದಲ್ಲಿ ಚೆಂಡು ಬೀಳುವ 38 ಮನೆ, ಒಂದೇ ಸಂಖ್ಯೆಗೆ ಕಟ್ಟಿ ಗೆದ್ದರೆ ಕೊಡುವುದು ಒಂದಕ್ಕೆ 35. ಕ್ಯಾಸಿನೊದ ಪಾಲು ಶೇ 5.26. ಒಂದೇ ಸೊನ್ನೆಯದಾದರೆ ಶೇ 2.7. 10 ಡಾಲರ್‌ನಂತೆ ಗಂಟೆಗೆ 35 ಸುತ್ತು, ಮೂರು ಗಂಟೆ ಆಡಿದವನು ಎರಡು ಸೊನ್ನೆಯ ಚಕ್ರದಲ್ಲಿ ಸೋಲಬೇಕಾದದ್ದು ಸುಮಾರು 55 ಡಾಲರ್. ಅಕ್ಕಾವರ ಯಂತ್ರ ಅದರ ನಾಲ್ಕು ಪಟ್ಟು ತಂದುಕೊಟ್ಟಿದೆ. ಅದಕ್ಕೇ ಪತ್ರ ಅವರಿಗೆ ಬಂತು. ಇಂಥ ಪತ್ರಗಳಲ್ಲಿ ಬರುವ ತೇದಿಗಳು ಸಾಮಾನ್ಯವಾಗಿ ಹಡಗು ತುಂಬದ ವಾರಗಳವು, ಅದನ್ನೂ ಗಮನಿಸಿ. ನೀವೂ ದೀಪಾವಳಿಯ ಹಿಂದಿನ ದಿನ ರಿಯಾಯಿತಿ ಕೊಡುವುದಿಲ್ಲವಷ್ಟೆ?

‘ಉಚಿತ’ದಲ್ಲಿ ಬಂದರು ಶುಲ್ಕ, ತೆರಿಗೆ, ಸಿಬ್ಬಂದಿಯ ಟಿಪ್ಸ್ ಸೇರುವುದಿಲ್ಲ. ಟಿಪ್ಸ್ ದಿನಕ್ಕೆ ತಲಾ 18.50 ಡಾಲರ್ ಎಂದಿಟ್ಟುಕೊಂಡರೆ ಇಬ್ಬರಿಗೆ 5 ರಾತ್ರಿಗೆ 185. ಪತ್ರದ ಕೆಳಗೆ ಸಣ್ಣಕ್ಷರದಲ್ಲಿ ತೆರಿಗೆ, ಶುಲ್ಕದ ಮೊತ್ತ ಇರುತ್ತದೆ, ಅದನ್ನೂ ಕೂಡಿ. ಬಾರದೆ ಉಳಿದರೆ ದಂಡವಿದೆಯೇ, ರದ್ದು ಮಾಡಲು ಕೊನೆಯ ದಿನ ಯಾವುದು, ಕೇಳಿಕೊಳ್ಳಿ.

ಕೋಣೆ ಮಗಳಿಗೆ ಆಗುವುದಿಲ್ಲ. ಪತ್ರ ಯಾರ ಹೆಸರಿಗೋ ಅವರೇ ಹಡಗು ಹತ್ತಬೇಕು. ಜೊತೆಗೆ ಇನ್ನೊಬ್ಬರು ಯಾರಾದರೂ ಆಗಬಹುದು. ಹೇಗೂ ಗರ್ಭಿಣಿಯರನ್ನು 24ನೆಯ ವಾರದಿಂದ ಹತ್ತಿಸುವುದಿಲ್ಲ, ಕೂಸಿಗೆ ಕನಿಷ್ಠ 6 ತಿಂಗಳು ತುಂಬಿರಬೇಕು. ನವೆಂಬರ್ ಕೂಸಿಗೆ ಆರು ತಿಂಗಳಾಗುವಷ್ಟರಲ್ಲಿ ನಿಮ್ಮ ಏಪ್ರಿಲ್ 30 ದಾಟಿರುತ್ತದೆ.

ಹೋಗುವುದಾದರೆ ಇಷ್ಟು ಮಾಡಿ. ಆಟವೆಲ್ಲ ಅಕ್ಕಾವರ ಒಂದೇ ಕಾರ್ಡಿನಲ್ಲಿರಲಿ. ನೀವು ಅರ್ಧ ಅವರು ಅರ್ಧ ಆಡಿದರೆ ಇಬ್ಬರ ದಾಖಲೆಯೂ ಸಣ್ಣದಾಗುತ್ತದೆ. ಕೋಣೆಯ ಖಾತೆಗೆ ಬರೆಸಿ ಜೂಜಿನ ದುಡ್ಡು ತೆಗೆಯಬೇಡಿ, ಅದಕ್ಕೆ ನೂರಕ್ಕೆ ಇಂತಿಷ್ಟು ಎಂದು ಶುಲ್ಕ ಹಿಡಿಯುವ ಹಡಗುಗಳಿವೆ, ನಗದು ಒಯ್ಯಿರಿ. ಫ್ರೀ ಪ್ಲೇ ಕೈಗೆ ಸಿಗುವ ಹಣವಲ್ಲ, ಯಂತ್ರದಲ್ಲಿ ಒಮ್ಮೆ ತಿರುಗಿಸಲೇಬೇಕು. ತಿರುಗಿಸಿ ಗೆದ್ದದ್ದು ಮಾತ್ರ ನಿಮ್ಮದು. ಬಾಲ್ಕನಿ ಕೋಣೆ ಬೇಕೆನಿಸಿದರೆ ಕ್ಯಾಸಿನೊ ವಿಭಾಗಕ್ಕೇ ಫೋನ್ ಮಾಡಿ, ವ್ಯತ್ಯಾಸ ಕೊಟ್ಟು ಏರಿಸಿಕೊಳ್ಳಬಹುದೇ ಎಂದು ಕೇಳಿ. ಎಷ್ಟೋ ಜನ ಇದನ್ನು ಕೇಳುವುದೇ ಇಲ್ಲ.

ನನ್ನ ಕಿಟಕಿಗೆ ಒಬ್ಬ ಅಮ್ಮ ಬರುತ್ತಿದ್ದರು, ಎಂಬತ್ತರ ಹತ್ತಿರದವರು. ಮೊದಲ ಸಂಜೆ ಫ್ರೀ ಪ್ಲೇ ತಿರುಗಿಸಿ, ಉಳಿದ ಚೀಟಿ ತಂದು ನಗದು ಮಾಡಿಸಿಕೊಂಡು, ಪರ್ಸಿನ ಜಿಪ್ ಎಳೆದರೆ ಮುಗಿಯಿತು. ಆಮೇಲೆ ಐದೂ ದಿನ ಮೇಲಿನ ಅಟ್ಟದಲ್ಲಿ ಹೆಣಿಗೆ. ಮೂರನೆಯ ಸಲಕ್ಕೆ ಅವರ ಉಚಿತ ಕೋಣೆ ರಿಯಾಯಿತಿ ಕೋಣೆಯಾಯಿತು. ಆ ಕಾಗದ ನನಗೆ ತೋರಿಸಿ, “ಕೊನೆಗೂ ಕಂಡುಹಿಡಿದರು ನೋಡು” ಎಂದು ನಕ್ಕರು.

ನಿವೃತ್ತ ಬ್ಯಾಂಕಿನವ, ವಿಜಯಪುರ

ಕ್ಯಾಷಿಯರ್ ಸಾಹೇಬರು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ನನ್ನದು ಎರಡೇ ಮಾತು, ಹಳೆಯ ಚಟ.

ಒಂದು, ಭಾರತದ ಕಾರ್ಡನ್ನು ಹಡಗಿನ ಕ್ಯಾಸಿನೊ ಖರ್ಚಿಗೆ ಜೋಡಿಸಬೇಡಿ. ವಿದೇಶಿ ವಿನಿಮಯದ 2000ದ ಚಾಲ್ತಿ ಖಾತೆ ನಿಯಮಗಳ ಮೊದಲ ಅನುಸೂಚಿಯಲ್ಲಿ ಲಾಟರಿ ಟಿಕೆಟ್, ಫುಟ್‌ಬಾಲ್ ಪೂಲ್, ಸ್ವೀಪ್‌ಸ್ಟೇಕ್ ‘ಇತ್ಯಾದಿ’ಗೆ ಹಣ ಕಳುಹಿಸುವುದು ನಿಷಿದ್ಧ. ಕ್ಯಾಸಿನೊ ಎಂಬ ಪದ ಅಲ್ಲಿಲ್ಲ, ಆದರೆ ಬ್ಯಾಂಕಿನವರಿಗೆ ಆ ‘ಇತ್ಯಾದಿ’ಯೇ ಸಾಕು. ಎಷ್ಟೋ ವರ್ಷ ನಾನು ಅದರ ಮೇಲೆಯೇ ಅರ್ಜಿಗಳನ್ನು ತಿರುಗಿಸಿ ಕಳುಹಿಸಿದ್ದೇನೆ.

ಎರಡು, ಅಕಸ್ಮಾತ್ ತಾಯಿಯವರು ದೊಡ್ಡದೇನಾದರೂ ಗೆದ್ದರೆ ಇಲ್ಲಿನ ರಿಟರ್ನ್ಸ್‌ನಲ್ಲಿ ತೋರಿಸಬೇಕು. ಇಲ್ಲಿ ನೆಲೆಸಿದವರ ಗೆಲುವಿಗೆ, ಅದು ಹೊರದೇಶದ್ದಾದರೂ, ಶೇ 30ರ ತೆರಿಗೆ. ಸೋತ 240 ಡಾಲರ್ ಅನ್ನು ಅದರಲ್ಲಿ ಕಳೆಯಲು ಬಿಡುವುದಿಲ್ಲ. ಅಮೆರಿಕದಲ್ಲಿ ತೆರಿಗೆ ಮುರಿದುಕೊಂಡಿದ್ದರೆ ಆ ಕಾಗದ ಜೋಪಾನವಾಗಿಡಿ.

ಚೋರ್ಲಾ ಘಾಟ್ ತಮ್ಮನಿಗೂ ಒಂದು ಮಾತು. ಕ್ಯಾಸಿನೊ ಮೇಲಿನ ಜಿಎಸ್‌ಟಿ 2023ರ ಅಕ್ಟೋಬರ್‌ನಲ್ಲಿ ಶೇ 28 ಇತ್ತು, 2025ರ ಸೆಪ್ಟೆಂಬರ್ 22ರಿಂದ ಶೇ 40. ಘಾಟ್ ಇಳಿಯುವಾಗ ಇದನ್ನೂ ಪೆಟ್ರೋಲ್ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಚೋರ್ಲಾ ಘಾಟ್

ಸರಿ ಸರಿ, 560ರದ್ದು ನನ್ನ ತಪ್ಪು. ಆದರೆ ಅಜ್ಜಾ, ನಾನು ಹೋಗುವುದು ಮೀನಿನ ಊಟಕ್ಕೆ ಎಂದು ಮನೆಯಲ್ಲಿ ಹೇಳಿದ್ದೇನೆ, ಇಲ್ಲಿ ಜಿಎಸ್‌ಟಿ ಎತ್ತಬೇಡಿ.

ಖಣದಂಗಡಿ, ಬಾಗಲಕೋಟೆ

ಎಲ್ಲರಿಗೂ ಕೃತಜ್ಞತೆ. ರಾತ್ರಿ ಉದ್ರಿ ಪುಸ್ತಕದ ಹಿಂದಿನ ಪುಟದಲ್ಲಿ ಲೆಕ್ಕ ಬರೆದೆ. ಸಣ್ಣಕ್ಷರ ಓದಲು ಅಂಗಡಿಯ ಹುಡುಗನ ಮೊಬೈಲ್ ಬೇಕಾಯಿತು. ತೆರಿಗೆ, ಶುಲ್ಕ ತಲಾ 140, ಟಿಪ್ಸ್ 185, ಒಟ್ಟು 465 ಡಾಲರ್. ವಿಮಾನದ ಟಿಕೆಟ್ ಬಾಣಂತನದ ಖಾತೆಗೆ ಹೋಗುತ್ತದೆ, ಹಡಗಿನ ಖಾತೆಗಲ್ಲ. 5 ರಾತ್ರಿ, ಇಬ್ಬರಿಗೆ ಊಟ ವಸತಿ ಸೇರಿ 465 ಎಂದರೆ ನನಗೆ ಒಪ್ಪಿಗೆ. ಉಚಿತ ಎಂದು ಕರೆಯದಿದ್ದರೆ ಸಾಕು.

ತೊಡಕು ಬೇರೆ ಕಡೆ ಬಂತು. ಮನೆಯವರಿಗೆ ಇದನ್ನೆಲ್ಲ ಓದಿ ಹೇಳಿದಾಗ, “ಬಾಣಂತಿಯನ್ನು ಬಿಟ್ಟು ಹಡಗು ಹತ್ತುವವಳಲ್ಲ ನಾನು” ಎಂದು ಎದ್ದು ಹೋದರು. ಪತ್ರ ಅವರ ಹೆಸರಿಗೆ, ಅವರಿಲ್ಲದೆ ನಾನೂ ಇಲ್ಲ. ಕೊನೆಗೆ ಮಗಳೇ ದಾರಿ ತೋರಿಸಿದಳು: ಫೆಬ್ರುವರಿ ಕೊನೆಗೆ ಬೀಗತಿಯವರು ಧಾರವಾಡದಿಂದ ಬರುತ್ತಾರೆ, ಮಾರ್ಚ್‌ನಲ್ಲಿ ಹೋಗಿಬನ್ನಿ. ಅವಳೇ ಕ್ಯಾಸಿನೊ ವಿಭಾಗಕ್ಕೆ ಫೋನ್ ಮಾಡಿ ಎರಡನೆಯ ವಾರದ ತೇದಿ ಹಿಡಿದಿಟ್ಟಿದ್ದಾಳೆ. ಬಾಲ್ಕನಿಗೆ ಕೇಳಿದ ವ್ಯತ್ಯಾಸ ಕೇಳಿ ನಾನು ಒಳಕೋಣೆಯಲ್ಲೇ ಉಳಿದೆ. ಮಲಗಲು ಕಿಟಕಿ ಯಾಕೆ?

ಆಟದ ಬಗ್ಗೆ ಒಪ್ಪಂದ ಇನ್ನೂ ಆಗಿಲ್ಲ. ಫ್ರೀ ಪ್ಲೇಯ 50, ಮೇಲೆ ನಗದು 100, ಅಷ್ಟೇ ಎಂದು ನಾನು ಹೇಳುತ್ತಿದ್ದೇನೆ. 200 ಎಂದು ಅವರು. ನಿನ್ನೆ 120ಕ್ಕೆ ಬಂದೆ, ಅವರು 180ಕ್ಕೆ ಇಳಿದರು. ಮೂವತ್ತೈದು ವರ್ಷ ಕೌಂಟರಿನಲ್ಲಿ ಕುಳಿತವನಿಗೆ ಈ ಚೌಕಾಸಿ ಎಲ್ಲಿ ನಿಲ್ಲುತ್ತದೆಂದು ಗೊತ್ತಿದೆ.

ಕ್ಯಾಷಿಯರ್ ಸಾಹೇಬರೇ, ಕೊನೆಯ ಪ್ರಶ್ನೆ. ಹಡಗಿನ ಊಟ ಮೂರನೆಯ ದಿನಕ್ಕೆ ಬಾಯಿಗೆ ಬೇಸರವಾಗುತ್ತದೆ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಒಯ್ಯಲು ಬಿಡುತ್ತಾರೆಯೇ?

ಮಾಜಿ ಕ್ಯಾಷಿಯರ್, ಟಿಳಕವಾಡಿ

ಮನೆಯಲ್ಲಿ ಕಟ್ಟಿದ ಗಂಟಾದರೆ ಬಂದರಿನ ತಪಾಸಣೆಯಲ್ಲೇ ತಡೆಯಬಹುದು. ಅಂಗಡಿಯಲ್ಲಿ ಸೀಲ್ ಮಾಡಿದ ಪೊಟ್ಟಣ, ಒಡೆಯದೆ ಒಯ್ಯಿರಿ. ರೊಟ್ಟಿ ಚೂರಾಗದಂತೆ ಕೈಚೀಲದಲ್ಲಿಡಿ, ದೊಡ್ಡ ಪೆಟ್ಟಿಗೆಗಳನ್ನು ಅವರು ಎಸೆಯುವ ರೀತಿ ನಾನು ಕಂಡಿದ್ದೇನೆ.