ಓದುಗರ ಸ್ಪಂದನ: ಅರ್ಧಕ್ಕೆ ನಿಂತ ಹೆಣಿಗೆಗಳು, ಕೈಚೆಲ್ಲಿದ ಗೆಳತಿ

ಕಳೆದ ಸಂಚಿಕೆಯಲ್ಲಿ ಓದುಗರೊಬ್ಬರು ತಮ್ಮ ತೊಳಲಾಟವನ್ನು ಬರೆದುಕೊಂಡಿದ್ದರು. ಮಗನ ಸ್ವೆಟರಿಗೆ ಒಂದು ತೋಳು ಬಾಕಿಯಿದೆ, ಪತಿಯ ಕೇಬಲ್ (ಹುರಿಹಗ್ಗದಂಥ ವಿನ್ಯಾಸದ) ಸ್ವೆಟರ್ ಬೆನ್ನಿನ ಭಾಗಕ್ಕೇ ನಿಂತಿದೆ, ಅತ್ತೆಯವರ ಶಾಲು ಅರ್ಧವಾಗಿದೆ, ತಂಗಿಯ ಹೆರಿಗೆಗೆ ಎರಡೇ ತಿಂಗಳು ಉಳಿದಿದ್ದರೂ ಕೂಸಿನ ಸ್ವೆಟರ್ ಇನ್ನೂ ಕಡ್ಡಿಗೇರಿಲ್ಲ. ಈ ನಡುವೆ ಅವರಿಂದಲೇ ಹೆಣಿಗೆ ಕಲಿಯತೊಡಗಿದ್ದ ಗೆಳತಿ ಮೊದಲ ಮಫ್ಲರನ್ನು ಮೂರು ಬಾರಿ ಬಿಚ್ಚಿ, "ಇದು ನನ್ನ ಕೈಗೆ ಹತ್ತುವುದಿಲ್ಲ" ಎಂದು ಕೈಬಿಟ್ಟಿದ್ದಾರೆ. ಮನೆಯವರ ಕೆಲಸ ಮುಗಿಸುವುದೋ, ಗೆಳತಿಯ ಜೊತೆ ಕೂರುವುದೋ ಎಂಬುದು ಅವರ ಪ್ರಶ್ನೆಯಾಗಿತ್ತು. ಬಂದ ಉತ್ತರಗಳಲ್ಲಿ ಮೂರು ಇಲ್ಲಿವೆ.

ಸಹೋದರಿ, ನಾಲ್ಕನ್ನೂ ಸಮನಾಗಿ ಮುಂದಕ್ಕೆ ಒಯ್ಯಬೇಕೆಂಬ ಹಂಬಲವೇ ನಿಮ್ಮನ್ನು ದಣಿಸುತ್ತಿದೆ ಎಂದು ನನಗೆ ತೋರುತ್ತದೆ. ಯಾರು ಮೊದಲು ಕೇಳಿದರು ಎಂಬುದನ್ನು ಬಿಟ್ಟು, ಯಾರ ಮೈ ಮೊದಲು ಬೆಳೆಯುತ್ತದೆ ಎಂದು ನೋಡಿ. ಪತಿಯ ಎದೆಯಳತೆ ಮುಂದಿನ ವರ್ಷವೂ ಹೆಚ್ಚುಕಡಿಮೆ ಇಷ್ಟೇ ಇರುತ್ತದೆ; ಶಾಲಿಗಂತೂ ಮೈಯಳತೆಯ ಹಂಗೇ ಇಲ್ಲ. ಮಗನ ಕೈ ಮಾತ್ರ ಕಾಯುವುದಿಲ್ಲ. ಆದ್ದರಿಂದ ಉಳಿದ ಮೂರನ್ನೂ ಕಣ್ಣಿಗೆ ಬೀಳದಂತೆ ಎತ್ತಿಟ್ಟು, ಮೊದಲು ಆ ಒಂದು ತೋಳನ್ನು ಮುಗಿಸಿ. ಆರಂಭಿಸುವ ಮುನ್ನ ಮಗನ ತೋಳನ್ನು ಮತ್ತೊಮ್ಮೆ ಅಳೆಯಿರಿ. ಉದ್ದ ಹೆಚ್ಚಿದ್ದರೆ ಮುಗಿದ ತೋಳಿನ ಅಂಚಿನಿಂದಲೂ ಕುಣಿಕೆಗಳನ್ನು ಎತ್ತಿಕೊಂಡು ನಾಲ್ಕಾರು ಸಾಲು ಬಾರ್ಡರ್ ಬೆಳೆಸಬಹುದು.

ಇನ್ನೊಂದು ಮಾತು. ತಿಂಗಳುಗಟ್ಟಲೆ ಬಿಡುವಿನ ನಂತರ ಕೈಯ ಬಿಗಿ ಬದಲಾಗಿರುತ್ತದೆ. ಮುಗಿದ ತೋಳಿನ ಮೇಲೆ ಟೇಪನ್ನಿಟ್ಟು 10 ಸೆಂಟಿಮೀಟರಿನಲ್ಲಿ ಎಷ್ಟು ಕುಣಿಕೆಗಳಿವೆ ಎಂದು ಎಣಿಸಿ, ಅದೇ ಕಡ್ಡಿಯಲ್ಲಿ ಚಿಕ್ಕ ತುಂಡೊಂದನ್ನು ಹೆಣೆದು ಹೋಲಿಸಿ ನೋಡಿ. ಮೊದಲು 22 ಇದ್ದದ್ದು ಈಗ 20ಕ್ಕೆ ಇಳಿದಿದ್ದರೆ ಕೈ ಸಡಿಲವಾಗಿದೆ ಎಂದರ್ಥ. ಅರ್ಧ ಮಿಲಿಮೀಟರ್ ಸಣ್ಣ ಕಡ್ಡಿಯನ್ನು ಹಿಡಿದು ಮತ್ತೆ ಪರೀಕ್ಷಿಸಿ. ಎರಡು ಕುಣಿಕೆಗಳ ಅಂತರ ಅಲ್ಪವೆಂದು ಕಂಡರೂ, 220 ಕುಣಿಕೆಗಳ ಸುತ್ತಳತೆಗೆ ಬಂದಾಗ ಅದು 100 ಸೆಂಟಿಮೀಟರಿನ ಸ್ವೆಟರನ್ನು 110 ಸೆಂಟಿಮೀಟರಿಗೆ ಒಯ್ದುಬಿಡುತ್ತದೆ. ಪತಿಯ ಸ್ವೆಟರಿನ ತೋಳುಗಳ ಸರದಿ ಬಂದಾಗ ಎರಡನ್ನೂ ಒಂದೇ ಉದ್ದನೆಯ ಕಡ್ಡಿಯ ಮೇಲೆ, ಎರಡು ಉಂಡೆಗಳಿಂದ, ಜೊತೆಜೊತೆಯಾಗಿ ಹೆಣೆಯಿರಿ. ಒಂಟಿ ತೋಳು ಉಳಿಯುವ ಪ್ರಸಂಗವೇ ಬರುವುದಿಲ್ಲ.

ಕೂಸಿನ ಸ್ವೆಟರಿನ ಬಗ್ಗೆ ಗಾಬರಿ ಬೇಡ. ಹುಟ್ಟಿದ ಮಗುವಿನ ಅಳತೆಗೆ ಹೆಣೆದದ್ದು ಕೆಲವೇ ವಾರಗಳಲ್ಲಿ ಚಿಕ್ಕದಾಗುತ್ತದೆ. 6 ತಿಂಗಳಿನ ಅಳತೆಗೆ ಹೆಣೆಯಿರಿ, ನಿಮಗೂ ಸಮಯ ಸಿಗುತ್ತದೆ, ಮಗುವಿಗೂ ಹೆಚ್ಚು ದಿನ ಒದಗುತ್ತದೆ. ಪುಟ್ಟ ಬೆರಳುಗಳು ಸಿಕ್ಕಿಕೊಳ್ಳುವಂಥ ದೊಡ್ಡ ತೂತುಗಳ ಪ್ಯಾಟರ್ನ್, ಕುತ್ತಿಗೆಗೆ ಕಟ್ಟುವ ದಾರ ಇವೆರಡೂ ಬೇಡ. ಸಾಮಾನ್ಯ ಉಣ್ಣೆಯನ್ನು ಬಿಸಿನೀರಿನಲ್ಲಿ ತಿಕ್ಕಿ ಒಗೆದರೆ ಕುಗ್ಗಿ ಗಟ್ಟಿಯಾಗುತ್ತದೆ. ಬಾಣಂತಿಯ ಮನೆಯಲ್ಲಿ ಅಷ್ಟು ನಾಜೂಕಾಗಿ ಒಗೆಯುವ ಪುರುಸೊತ್ತು ಯಾರಿಗೂ ಇರುವುದಿಲ್ಲವಾದ್ದರಿಂದ, ವಾಷಿಂಗ್ ಮೆಷಿನ್ನಿಗೆ ಹಾಕಬಹುದಾದ ನೂಲನ್ನೇ ಆರಿಸಿಕೊಳ್ಳಿ.

ಅತ್ತೆಯವರ ಶಾಲನ್ನು ಗೆಳತಿಯ ಜೊತೆ ಕೂರುವ ಹೊತ್ತಿಗೆಂದೇ ಮೀಸಲಿಡಿ. ಕೇಬಲ್ ಹೆಣಿಗೆಗೆ ಲೆಕ್ಕ ತಪ್ಪದ ಏಕಾಂತ ಬೇಕು. ಮಾತನಾಡುತ್ತ, ನಡುನಡುವೆ ಪಕ್ಕದವರ ಕೈಯನ್ನು ಗಮನಿಸುತ್ತ ಹೆಣೆಯಲು ಸಾದಾ ಸಾಲುಗಳ ಶಾಲೇ ಸರಿ. ಹೀಗಾದರೆ ಗೆಳತಿಗೆ ಕೊಟ್ಟ ಸಮಯವನ್ನು ಮನೆಯವರಿಂದ ಕಸಿದುಕೊಂಡೆನೆಂಬ ಅಳುಕು ನಿಮಗೂ ಇರುವುದಿಲ್ಲ.
— ಎರಡು ಮಕ್ಕಳ ತಾಯಿ

ಎತ್ತಿಡುವ ಮಾತು ಬಂದಾಗ ಒಂದು ಸೂಚನೆಯನ್ನು ಸೇರಿಸಬಯಸುತ್ತೇನೆ. ಹೆಣಿಗೆಯನ್ನು ಕಡ್ಡಿಯ ಸಮೇತ ತಿಂಗಳುಗಟ್ಟಲೆ ಇಟ್ಟರೆ ಆ ಸಾಲಿನಲ್ಲಿ ಗೆರೆ ಮೂಡುತ್ತದೆ. ಬೇರೆ ಬಣ್ಣದ ನುಣುಪಾದ ದಾರವೊಂದನ್ನು ದಪ್ಪ ಸೂಜಿಗೆ ಪೋಣಿಸಿ, ಕುಣಿಕೆಗಳನ್ನೆಲ್ಲ ಅದಕ್ಕೆ ಇಳಿಸಿ, ಕಡ್ಡಿಯ ಅಳತೆಯನ್ನೂ ನಿಲ್ಲಿಸಿದ ಸಾಲನ್ನೂ ಚೀಟಿಯಲ್ಲಿ ಬರೆದು, ನೂಲಿನ ಲೇಬಲ್ಲಿನೊಂದಿಗೆ ಅದೇ ಚೀಲದಲ್ಲಿಡಿ. ಲೇಬಲ್ಲಿನಲ್ಲಿರುವ ಬಣ್ಣದ ಲಾಟ್ ಸಂಖ್ಯೆ, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ಗುರುತು, ಮುಖ್ಯ. ನೂಲು ಸಾಲದೆ ಬೇರೆ ಲಾಟಿನದನ್ನು ತರಬೇಕಾದರೆ ಹಳೆಯದರಲ್ಲಿ ಎರಡು ಸಾಲು, ಹೊಸದರಲ್ಲಿ ಎರಡು ಸಾಲು ಎಂದು ಬೆರೆಸುತ್ತ ಹೋಗಿ, ಬಣ್ಣದ ಅಂತರ ಅಷ್ಟಾಗಿ ಕಾಣುವುದಿಲ್ಲ.

ಮುಂದೆ ಮನೆಯವರಿಗೆ ಹೆಣೆಯುವಾಗ ಪ್ರತಿಯೊಬ್ಬರಿಗೂ ಹೊಸ ಪ್ಯಾಟರ್ನ್ ಹುಡುಕಬೇಡಿ. ಹೆಣಿಗೆಯ ಹೆಸರಾಂತ ಶಿಕ್ಷಕಿ, ಲೇಖಕಿ ಎಲಿಜಬೆತ್ ಝಿಮ್ಮರ್‌ಮನ್ ರೂಢಿಗೆ ತಂದ ಲೆಕ್ಕದಲ್ಲಿ ಎದೆಸುತ್ತಳತೆಯ ಕುಣಿಕೆಗಳನ್ನು ನೂರು ಎಂದಿಟ್ಟುಕೊಂಡರೆ ಮುಂಗೈ ಬಳಿ ಸುಮಾರು ಶೇ. 20, ಕುತ್ತಿಗೆಗೆ ಸುಮಾರು ಶೇ. 40 ಬರುತ್ತದೆ, ಅಂದರೆ 220 ಕುಣಿಕೆಗಳ ಸ್ವೆಟರಿಗೆ ಮುಂಗೈಯಲ್ಲಿ 44, ಕುತ್ತಿಗೆಯಲ್ಲಿ 88. ನಿಮ್ಮ ಗೆಳತಿ ಮುಂದೊಂದು ದಿನ ತಮ್ಮ ಮೊದಲ ಸ್ವೆಟರನ್ನು ಆರಂಭಿಸಿದಾಗಲೂ ಈ ಲೆಕ್ಕ ಅವರ ಕೈಹಿಡಿಯುತ್ತದೆ.
— ಹಳೆಯ ಹೆಣಿಗೆಗಾರ್ತಿ

ನಿಮ್ಮ ಗೆಳತಿಯ ಜಾಗದಲ್ಲಿ ನಾನೂ ಇದ್ದೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ. ನನ್ನ ಮೊದಲ ಮಫ್ಲರ್ 30 ಕುಣಿಕೆಗಳಿಂದ ಶುರುವಾಗಿ, ಒಂದು ಗೇಣು ಮುಗಿಯುವಷ್ಟರಲ್ಲಿ 41 ಆಗಿತ್ತು. ಎಲ್ಲಿಂದ ಹೆಚ್ಚಾಯಿತೆಂದು ತಿಳಿಯದೆ ನಾನು ಅತ್ತೇಬಿಟ್ಟಿದ್ದೆ. ಕಲಿಸುತ್ತಿದ್ದ ಅಕ್ಕ ಕಡ್ಡಿಯನ್ನು ನನ್ನ ಕೈಯಿಂದ ತೆಗೆದುಕೊಳ್ಳಲಿಲ್ಲ. ಸಾಲಿನ ಮೊದಲ ಕುಣಿಕೆಯನ್ನು ಮಾತ್ರ ಹತ್ತಿರದಿಂದ ನೋಡಲು ಹೇಳಿದರು. ಹೊಸ ಸಾಲಿಗೆ ತಿರುಗಿಸುವಾಗ ನಾನು ನೂಲನ್ನು ಕಡ್ಡಿಯ ಮೇಲಿನಿಂದ ಹಿಂದಕ್ಕೆ ಎಳೆಯುತ್ತಿದ್ದೆ. ಹಾಗೆ ಎಳೆದಾಗ ಕೆಳಗಿನ ಕುಣಿಕೆ ಮೇಲೇರಿ, ಅದರ ಎರಡು ಕಾಲುಗಳೂ ಎರಡು ಬೇರೆ ಕುಣಿಕೆಗಳಂತೆ ಕಾಣುತ್ತಿದ್ದವು, ನಾನು ಎರಡನ್ನೂ ಹೆಣೆಯುತ್ತಿದ್ದೆ. ನೂಲನ್ನು ಕಡ್ಡಿಯ ಕೆಳಗಿನಿಂದ ಹಿಂದಕ್ಕೆ ತಂದಾಗ ಅದೇ ಜಾಗದಲ್ಲಿ ಒಂದೇ ಕುಣಿಕೆ ಉಳಿಯಿತು. ಅಂದು ನನ್ನ ಕಣ್ಣು ಕಂಡುಹಿಡಿದ ಆ ತಪ್ಪನ್ನು ಅಕ್ಕ ತಾವೇ ಸರಿಪಡಿಸಿ ಕೊಟ್ಟಿದ್ದರೆ, ಮರುದಿನ ನಾನು ಮತ್ತೆ ಅಲ್ಲಿಗೇ ಬಂದು ನಿಲ್ಲುತ್ತಿದ್ದೆ.

ಗೆಳತಿಯ ನೂಲು ಯಾವುದೆಂದೂ ಒಮ್ಮೆ ನೋಡಿ. ಕಪ್ಪು ಬಣ್ಣದ, ಜುಂಗುಜುಂಗಾದ ನೂಲಿನಲ್ಲಿ ಕುಣಿಕೆಗಳು ಕಣ್ಣಿಗೇ ಕಾಣುವುದಿಲ್ಲ. ತಿಳಿಬಣ್ಣದ, ನಯವಾದ, ನಡುದಪ್ಪದ ನೂಲು ಮತ್ತು ಕುಣಿಕೆ ಜಾರದಂಥ 5 ಮಿಲಿಮೀಟರಿನ ಬಿದಿರಿನ ಕಡ್ಡಿ ಕಲಿಯುವವರಿಗೆ ಒಳ್ಳೆಯದು. ಮುಂಬದಿ ನಿಟ್ (ಸೀದಾ), ಹಿಂಬದಿ ಪರ್ಲ್ (ಉಲ್ಟಾ) ಹೆಣೆದ ತುಂಡಿನ ಅಂಚು ಸುರುಳಿಯಾಗುವುದು ಆ ಹೆಣಿಗೆಯ ಗುಣ, ಅವರ ಕೈಯ ದೋಷವಲ್ಲ ಎಂದೂ ಮೊದಲೇ ಹೇಳಿಬಿಡಿ. ಎಷ್ಟೋ ಮಂದಿ ಅದನ್ನು ಕಂಡೇ ಬಿಚ್ಚುತ್ತಾರೆ.

ಅವರು ಮತ್ತೆ ಬಂದ ದಿನ 20 ಕುಣಿಕೆಗಳನ್ನಷ್ಟೇ ಹಾಕಿಸಿ, ಎರಡು ಸಾಲಿಗೊಮ್ಮೆ ಅವರಿಂದಲೇ ಎಣಿಸಿ. ನಿಮ್ಮ ಶಾಲಿನಲ್ಲಿ ಕುಣಿಕೆಯೊಂದು ಜಾರಿ ನಾಲ್ಕು ಸಾಲು ಕೆಳಗಿಳಿದರೆ ಮರೆಮಾಡದೆ, ಕ್ರೋಶಾ ಕಡ್ಡಿಯಿಂದ ಒಂದೊಂದೇ ಮೆಟ್ಟಿಲು ಮೇಲೆತ್ತುವುದನ್ನು ಅವರ ಕಣ್ಣೆದುರೇ ಮಾಡಿ, ಕೊನೆಯ ಮೆಟ್ಟಿಲನ್ನು ಎತ್ತಲು ಅವರ ಕೈಗೆ ಕೊಡಿ.
— ತಡವಾಗಿ ಕಲಿತ ಓದುಗಿ