ಪದಚರ್ಚೆ: 'ಕನ್ಸೈನರ್' ಅಂದರೆ ಬರೀ 'ಕಳುಹಿಸುವವರು' ಸಾಕೇ?

ಎಲ್ಲರಿಗೂ ನಮಸ್ಕಾರ.

ಕಲಾಸಿಪಾಳ್ಯದಲ್ಲಿ ಲಾರಿ ಬುಕಿಂಗ್ ಆಫೀಸು ನಡೆಸುವ ಪರಿಚಯದವರೊಬ್ಬರಿಗೆ ಫಾರಂ ಕನ್ನಡಕ್ಕೆ ಮಾಡಿಕೊಟ್ಟೆ. ಕನ್ಸೈನರ್ (ಲಾರಿಯವರಿಗೆ ಮಾಲು ಒಪ್ಪಿಸುವ ಕಡೆಯವರು) ಎಂದಿದ್ದ ಕಡೆ ಜಾಸ್ತಿ ಯೋಚಿಸದೆ 'ಕಳುಹಿಸುವವರು' ಎಂದು ಹಾಕಿದೆ. ಮೊದಲ ದಿನವೇ ಎಡವಟ್ಟಾಯಿತು. ಅಂಗಡಿಯಿಂದ ಮಾಲು ತಂದು ಇಳಿಸಿದ ಲಗೇಜ್ ಆಟೋದವರು ತಮ್ಮ ಹೆಸರನ್ನೇ ಬರೆದು ಸಹಿ ಹಾಕಿ ಹೋಗಿದ್ದರು. ಅವರದೇನೂ ತಪ್ಪಿಲ್ಲ. ತಂದುಕೊಟ್ಟವರು ಅವರೇ ಅಲ್ವಾ?

ಆದರೆ ಕಾನೂನು ನೋಡುವುದು ಕೈಯನ್ನಲ್ಲ, ಕಾಗದದಲ್ಲಿರುವ ಹೆಸರನ್ನು. 1865ರ ಹಳೆಯ ಕಾಯ್ದೆಯ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆಯ ಪ್ರಕಾರ, ಫಾರ್ವರ್ಡಿಂಗ್ ನೋಟಿನಲ್ಲಿ (ಮಾಲಿನ ವಿವರ ಬರೆದು ಲಾರಿಯವರಿಗೆ ಕೊಡುವ ಕಾಗದ) ಕನ್ಸೈನರ್ ಎಂದು ಯಾರ ಹೆಸರಿದೆಯೋ, ಯಾರಿಂದ ಅಥವಾ ಯಾರ ಪರವಾಗಿ ಮಾಲು ಒಪ್ಪಿಸಲಾಗಿದೆಯೋ ಅವರೇ ಕನ್ಸೈನರ್. ಮಾಲಿನ ಬೆಲೆ ಎಷ್ಟು, ಅದು ಅಪಾಯದ ಮಾಲೇ ಎಂದು ಬರೆದುಕೊಡಬೇಕಾದವರೂ ಅವರೇ. ಬರೆದದ್ದು ಸುಳ್ಳಾಗಿ ಲಾರಿಯವರಿಗೆ ನಷ್ಟವಾದರೆ ತುಂಬಿಕೊಡಬೇಕಾದವರೂ ಅವರೇ. ಪಾಪ, ಆಟೋದವರ ತಲೆಗೆ ಇಷ್ಟೆಲ್ಲ ಕಟ್ಟಲಾಗುತ್ತದೆಯೇ!

ಹಾಗಾದರೆ 'ರವಾನೆದಾರ'? ನನಗೆ ಇದೂ ಸರಿಬರುವುದಿಲ್ಲ. ಈ '-ದಾರ', '-ಗಾರ' ಸೇರಿದ ಪದಗಳು ಕೆಲವೊಮ್ಮೆ ಯಾವ ಕಡೆಯವರು ಎಂದು ಹೇಳುವುದೇ ಇಲ್ಲ. 'ಸಾಲಗಾರ' ಅಂದರೆ ಸಾಲ ತೆಗೆದುಕೊಂಡವನು. ಆದರೆ 'ಸಾಲಗಾರರ ಕಾಟ' ಅಂದ ಕೂಡಲೇ ಸಾಲ ಕೊಟ್ಟವರು ಬಾಗಿಲಲ್ಲಿ ನಿಂತಿರುತ್ತಾರೆ. ಹಾಗೇ 'ರವಾನೆದಾರ' ಎಂದರೆ ಅಂಗಡಿಯವರೋ, ಲಾರಿಯವರೋ? ಪಕ್ಕದಲ್ಲೇ 'ಸಾಗಣೆದಾರ' ಎಂಬ ಕಾಲಂ ಬೇರೆ ಇದೆ. 'ಮಾರಿದವರು' ಎಂದೂ ಹಾಕುವಂತಿಲ್ಲ. ತನ್ನ ಒಂದು ಗೋಡೌನಿನಿಂದ ಇನ್ನೊಂದಕ್ಕೆ ಕಳಿಸುವವನು ಏನನ್ನೂ ಮಾರಿರುವುದಿಲ್ಲ.

ಆಫೀಸಿನಲ್ಲಿ ಕೇಳಿದರೆ 'ಪಾರ್ಟಿ' ಅನ್ನುತ್ತಾರೆ. ಕಳಿಸುವವರೂ ಪಾರ್ಟಿ, ಬಿಡಿಸಿಕೊಳ್ಳುವವರೂ ಪಾರ್ಟಿ. ಮಾತಿಗೆ ಸಾಕು, ಫಾರಮ್ಮಿಗೆ ಸಾಲದು.

ಸದ್ಯಕ್ಕೆ 'ಯಾರ ಹೆಸರಿನಲ್ಲಿ ಮಾಲು ಒಪ್ಪಿಸಿದೆ' ಎಂದು ಬರೆದಿದ್ದೇನೆ. ಉದ್ದವಾಯಿತು, ಆದರೆ ಆಟೋದವರು ಈಗ ಅಂಗಡಿಯ ಹೆಸರು ಹೇಳುತ್ತಿದ್ದಾರೆ. 'ಒಪ್ಪಿಸು' ಬಿಡಲು ನನಗೆ ಮನಸ್ಸಿಲ್ಲ. ನಂಬಿ ಕೊಡುವ ಅರ್ಥ ಅದರಲ್ಲಿದೆ. 'ಒಪ್ಪಿಸುಗ' ಎಂದು ಚಿಕ್ಕದು ಮಾಡಬಹುದು, ಆದರೆ ಸುಮ್ನೆ ಹೊಸೆದ ಹಾಗೆ ಕೇಳಿಸುತ್ತದೆ.

ಹುಬ್ಬಳ್ಳಿ, ದಾವಣಗೆರೆ ಕಡೆಯ ಮಂಡಿಗಳಲ್ಲಿ ಓಡಾಡಿದವರು ಇಲ್ಲಿದ್ದರೆ ಹೇಳಿ: ಹಳೆಯ ಬಿಲ್ಟಿಗಳಲ್ಲಿ (ಲಾರಿ ರಸೀದಿಗಳಲ್ಲಿ) ಈ ಜಾಗದಲ್ಲಿ ಕನ್ನಡದ್ದೇ ಯಾವುದಾದರೂ ಪದ ಅಚ್ಚಾಗಿತ್ತೇ?