ಪ್ರತಿ ರಿಕ್ವೆಸ್ಟಿಗೂ ಹೊಸ ಕ್ಲಾಸ್ ಸೃಷ್ಟಿಸಿದರೆ ಮೆಮೊರಿ ಏಕೆ ಇಳಿಯುವುದಿಲ್ಲ?

ನಾಲಾಬಯಲು (ಮಂಡ್ಯ):
ನಮಸ್ಕಾರ. ಮಂಡ್ಯ ಜಿಲ್ಲೆಯ ಏಳು ತಾಲ್ಲೂಕುಗಳ ಬೆಳೆ ವಿವರ ಸಂಗ್ರಹಿಸುವ, ಜ್ಯಾಂಗೊದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಬರೆದ ಅಪ್ಲಿಕೇಶನ್ ಒಂದನ್ನು ನೋಡಿಕೊಳ್ಳುತ್ತಿದ್ದೇನೆ. ನಾಲೆ ನೀರಿನ ಕಬ್ಬು ಬೆಳೆಗಾರರಿಗೆ ಕೇಳುವ ಪ್ರಶ್ನೆಗಳು ಬೇರೆ, ನಾಗಮಂಗಲದ ರಾಗಿ ಬೆಳೆಗಾರರಿಗೆ ಕೇಳುವವು ಬೇರೆ, ಮದ್ದೂರಿನ ಎಳನೀರು ತೋಟದವರಿಗೆ ಕೇಳುವವು ಇನ್ನೂ ಬೇರೆ. ಆದ್ದರಿಂದ ಬೇಕಾದ ಫೀಲ್ಡುಗಳನ್ನು ಡೇಟಾಬೇಸಿನಿಂದ ಓದಿ, ಟೈಪ್ ಫಂಕ್ಷನ್ನಿನ ಮೂಲಕ ಪ್ರತಿ ರಿಕ್ವೆಸ್ಟಿನಲ್ಲೂ ಹೊಸ ಫಾರ್ಮ್ ಕ್ಲಾಸ್ (ಫಾರ್ಮುಗಳನ್ನು ತಯಾರಿಸುವ ಅಚ್ಚು) ಸೃಷ್ಟಿಸಲಾಗುತ್ತಿದೆ. ಕಟಾವಿನ ದಿನಗಳಲ್ಲಿ ಬಳಕೆ ಹೆಚ್ಚಿದಂತೆ ಮೆಮೊರಿಯೂ ಏರುತ್ತದೆ, ರಾತ್ರಿ ಬಳಕೆ ನಿಂತರೂ ಪೂರ್ತಿ ಇಳಿಯುವುದಿಲ್ಲ. ಪೈಥಾನಿನಲ್ಲಿ ಕ್ಲಾಸ್ ಕೂಡ ಆಬ್ಜೆಕ್ಟೇ ಅಲ್ಲವೇ, ಕೆಲಸ ಮುಗಿದೊಡನೆ ಅದು ಹೋಗಬೇಕಲ್ಲವೇ?

ಹೆಬ್ಬಾಳು_ಡೆವ್ (ಮೈಸೂರು):
ಆಬ್ಜೆಕ್ಟ್ ಹೌದು, ಆದರೆ ತನ್ನನ್ನು ತಾನೇ ಹಿಡಿದುಕೊಂಡಿರುವ ಆಬ್ಜೆಕ್ಟ್. ಮೆಥಡ್ (ಕ್ಲಾಸಿನೊಳಗಿನ ಫಂಕ್ಷನ್) ಹುಡುಕುವ ಕ್ರಮವನ್ನು ಹೇಳುವ ಟ್ಯೂಪಲ್ (ಬದಲಾಗದ ಪಟ್ಟಿ) ಒಂದು ಪ್ರತಿ ಕ್ಲಾಸಿನೊಳಗೂ ಇರುತ್ತದೆ, ಆ ಟ್ಯೂಪಲಿನ ಮೊದಲ ಸದಸ್ಯ ಆ ಕ್ಲಾಸೇ. ಹೀಗಾಗಿ ರೆಫರೆನ್ಸ್ ಎಣಿಕೆ (ಆಬ್ಜೆಕ್ಟನ್ನು ಎಷ್ಟು ಕಡೆಯಿಂದ ಹಿಡಿದುಕೊಳ್ಳಲಾಗಿದೆ ಎಂಬ ಲೆಕ್ಕ, ಸೊನ್ನೆಯಾದರೆ ಅದು ಅಳಿಯುತ್ತದೆ) ಎಂದಿಗೂ ಸೊನ್ನೆಗೆ ಬರುವುದಿಲ್ಲ. ಇಂಥ ಚಕ್ರಗಳನ್ನು ಬಿಡಿಸುವ ಗಾರ್ಬೇಜ್ ಕಲೆಕ್ಟರ್ ಬರುವವರೆಗೆ ಕ್ಲಾಸ್ ಉಳಿದೇ ಇರುತ್ತದೆ, ಮತ್ತು ಬಹುಕಾಲ ಉಳಿದು ಹಳೆಯ ಪೀಳಿಗೆಗೆ ದಾಟಿದವುಗಳ ಕಡೆಗೆ ಕಲೆಕ್ಟರ್ ಬರುವುದೇ ಅಪರೂಪ. ಅದು ಬಂದು ಬಿಡಿಸಿದ ಮೇಲೂ ಚದುರಿದ ಜಾಗವೆಲ್ಲ ಆಪರೇಟಿಂಗ್ ಸಿಸ್ಟಮ್ಮಿಗೆ ಹಿಂದಿರುಗಬೇಕೆಂದಿಲ್ಲ.

ಗಾತ್ರವನ್ನೂ ಗಮನಿಸಿ. 64 ಬಿಟ್ ಯಂತ್ರದಲ್ಲಿ ಬರಿಯ ಆಬ್ಜೆಕ್ಟ್ ಒಂದಕ್ಕೆ 16 ಬೈಟ್ ಸಾಕಾದರೆ, ಖಾಲಿ ಕ್ಲಾಸಿಗೇ ಸುಮಾರು 1 ಕಿಲೋಬೈಟ್ ಬೇಕು. ಡಿಕ್ಷನರಿ, ಫೀಲ್ಡುಗಳು, ವ್ಯಾಲಿಡೇಟರುಗಳು ಅದರ ಮೇಲೆ. ಜೊತೆಗೆ ಪ್ರತಿ ಸಲವೂ ಮೆಟಾಕ್ಲಾಸ್ (ಕ್ಲಾಸನ್ನೇ ಕಟ್ಟುವ ಕ್ಲಾಸ್) ಓಡಿ ಫೀಲ್ಡುಗಳನ್ನು ಒಟ್ಟುಗೂಡಿಸಬೇಕು, ಹುಡುಕಿದ ಮೆಥಡ್ಡುಗಳನ್ನು ನೆನಪಿಡುವ ಕ್ಯಾಶಿನಲ್ಲಿ ಹೊಸ ಕ್ಲಾಸಿನದೇನೂ ಇರುವುದಿಲ್ಲವಾದ್ದರಿಂದ ಮೊದಲ ಹುಡುಕಾಟಗಳೂ ನಿಧಾನ. ನೀವು ಸೃಷ್ಟಿಸುತ್ತಿರುವುದು ಫಾರ್ಮ್ ಮಾತ್ರವೇ? ಮಾಡೆಲ್ ಕ್ಲಾಸನ್ನೂ (ಡೇಟಾಬೇಸಿನ ಕೋಷ್ಟಕವನ್ನು ಪ್ರತಿನಿಧಿಸುವ ಕ್ಲಾಸ್) ಹೀಗೆಯೇ ಸೃಷ್ಟಿಸುತ್ತಿದ್ದರೆ ಜ್ಯಾಂಗೊದ ಅಪ್ಲಿಕೇಶನ್ ರಿಜಿಸ್ಟ್ರಿ ಅದನ್ನು ಹೆಸರಿನ ಸಮೇತ ದಾಖಲಿಸಿಕೊಳ್ಳುತ್ತದೆ, ಆಮೇಲೆ ಯಾವ ಕಲೆಕ್ಟರೂ ಅದನ್ನು ಮುಟ್ಟಲಾರದು.

ಹೂಟಗಳ್ಳಿ_ಜಾವಾ (ಮೈಸೂರು):
ಜಾವಾದಲ್ಲಿ ಪರಿಸ್ಥಿತಿ ಇನ್ನೂ ಬಿಗಿ. ಅಲ್ಲಿ ಕ್ಲಾಸಿನ ವಿವರಗಳು ಮೆಟಾಸ್ಪೇಸ್ ಎಂಬ ಪ್ರತ್ಯೇಕ ಮೆಮೊರಿ ಭಾಗದಲ್ಲಿರುತ್ತವೆ, ಸಾಮಾನ್ಯವಾಗಿ ಒಂದು ಕ್ಲಾಸ್ ಹೋಗಬೇಕಾದರೆ ಅದನ್ನು ತಂದ ಕ್ಲಾಸ್ ಲೋಡರೇ ಹೋಗಬೇಕು. ನಿಮ್ಮ ವಿಷಯಕ್ಕೆ ಬರುವುದಾದರೆ, ಗ್ಯೂನಿಕಾರ್ನಿನಲ್ಲಿ (ಪೈಥಾನ್ ಅಪ್ಲಿಕೇಶನ್ ಓಡಿಸುವ ಸರ್ವರ್) ಇಷ್ಟು ರಿಕ್ವೆಸ್ಟುಗಳಾದ ಮೇಲೆ ವರ್ಕರ್ (ರಿಕ್ವೆಸ್ಟಿಗೆ ಉತ್ತರಿಸುವ ಪ್ರೋಸೆಸ್) ಮರುಹುಟ್ಟಲಿ ಎಂದು ಮಿತಿ ಹಾಕಬಹುದಲ್ಲ?

ಹೆಬ್ಬಾಳು_ಡೆವ್:
ಹಾಕಬಹುದು, ಆದರೆ ಅದು ಸೋರುವ ಮಾಡಿನ ಕೆಳಗೆ ಪಾತ್ರೆ ಇಟ್ಟ ಹಾಗೆ. ಇಲ್ಲಿ ಹೊಸ ಕ್ಲಾಸಿನ ಅಗತ್ಯವೇ ಇಲ್ಲವೆಂಬುದು ನನ್ನ ಅಭಿಪ್ರಾಯ. ಜ್ಯಾಂಗೊ ಫಾರ್ಮ್ ತನ್ನ ಪ್ರತಿ ಇನ್‌ಸ್ಟನ್ಸಿಗೂ ಫೀಲ್ಡುಗಳ ಪೂರ್ಣ ನಕಲು ಮಾಡಿಕೊಳ್ಳುವುದರಿಂದ, ಒಂದೇ ಕ್ಲಾಸ್ ಇಟ್ಟುಕೊಂಡು ಪ್ರತಿ ಇನ್‌ಸ್ಟನ್ಸ್ ಹುಟ್ಟುವಾಗ ಓಡುವ ಅದರ ಇನಿಟ್ ಮೆಥಡ್ಡಿನಲ್ಲಿ ಬೇಕಾದ ಫೀಲ್ಡುಗಳನ್ನು ಸೇರಿಸಿದರೆ ಒಬ್ಬರ ಫಾರ್ಮ್ ಇನ್ನೊಬ್ಬರದಕ್ಕೆ ಬೆರೆಯುವುದಿಲ್ಲ.

ನಾಲಾಬಯಲು:
ಧನ್ಯವಾದಗಳು ಸರ್. ಸೃಷ್ಟಿಯಾಗುತ್ತಿರುವುದು ಫಾರ್ಮ್ ಮಾತ್ರ, ಮಾಡೆಲ್ ಅಲ್ಲ. ಆದರೆ ಕೆಲವು ಫಾರ್ಮುಗಳಿಗೆ ತುಂಬಿದ ಮಾಹಿತಿಯನ್ನು ಪರೀಕ್ಷಿಸುವ ಅವುಗಳದೇ ಕ್ಲೀನ್ ಮೆಥಡ್ಡುಗಳಿರುವುದರಿಂದ ಅಲ್ಲಿ ಕ್ಲಾಸ್ ಬಿಡುವುದು ಕಷ್ಟ. ಎಲ್‌ಆರ್‌ಯು ಕ್ಯಾಶಿನಲ್ಲಿ (ತುಂಬಿದಾಗ ಬಹುಕಾಲ ಬಳಸದ ನಮೂದನ್ನು ಬಿಡುವ ಸಂಗ್ರಹ) ಇಡೋಣವೆಂದರೆ, ಕಚೇರಿಯವರು ಒಂದು ಫೀಲ್ಡ್ ಬದಲಿಸಿದಾಗ ಹಳೆಯ ಕ್ಲಾಸೇ ಬರುತ್ತಿರುವುದಿಲ್ಲವೇ?

ಹೆಬ್ಬಾಳು_ಡೆವ್:
ಕ್ಯಾಶಿನ ಕೀಲಿಯಲ್ಲಿ ಫಾರ್ಮಿನ ಸಂಖ್ಯೆಯ ಜೊತೆ ಅದರ ಆವೃತ್ತಿ ಸಂಖ್ಯೆಯನ್ನೂ ಸೇರಿಸಿ. ಫೀಲ್ಡ್ ಬದಲಾದಾಗಲೆಲ್ಲ ಆವೃತ್ತಿ ಹೆಚ್ಚಲಿ. ರಿಕ್ವೆಸ್ಟಿನಲ್ಲಿ ಆ ಸಂಖ್ಯೆಯಷ್ಟನ್ನು ಓದಿದರೆ ಸಾಕು, ಹಳೆಯ ಕ್ಲಾಸ್ ಕ್ಯಾಶ್ ತುಂಬಿದಾಗ ತಾನಾಗಿ ಅದರಿಂದ ಹೊರಬೀಳುತ್ತದೆ. ಮಿತಿ ಹೇಳದಿದ್ದರೆ 128 ನಮೂದುಗಳು ಉಳಿಯುತ್ತವೆ, ಏಳು ತಾಲ್ಲೂಕಿಗೆ ಅದು ಧಾರಾಳ. ಕ್ಯಾಶನ್ನು ಖಾಲಿ ಮಾಡುವ ದಾರಿ ಹಿಡಿಯಬೇಡಿ: ಪ್ರತಿ ವರ್ಕರಿಗೂ ತನ್ನದೇ ಕ್ಯಾಶ್ ಇರುವುದರಿಂದ ಒಂದರಲ್ಲಿ ಖಾಲಿ ಮಾಡಿದ್ದು ಉಳಿದವಕ್ಕೆ ತಿಳಿಯುವುದಿಲ್ಲ.